ಕೊಂಡ ಇ-ಬುಕ್ಕಿನ ಲಾಕ್ ತೆಗೆಯಬಹುದೇ?

ಕಿಂಡಲ್‌ನಲ್ಲಿ ಕೊಂಡ ಪುಸ್ತಕದ ಲಾಕ್ (ನಕಲು ಮಾಡದಂತೆ ತಡೆಯುವ ಡಿಜಿಟಲ್ ಬೀಗ) ತೆಗೆದು ಬೇರೆ ರೀಡರ್‌ನಲ್ಲಿ ಓದಬಹುದೇ, ಇಲ್ಲ ಟೆಲಿಗ್ರಾಂ ಪಿಡಿಎಫ್ ಇಳಿಸಿಕೊಂಡುಬಿಡಲೇ ಅಂತ ಕೇಳಿದ್ದೀರಿ. ಎರಡೂ ಒಂದೇ ಅಲ್ಲ.

ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಲಾಕ್ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಲ್ಲಿ ಉದ್ದೇಶವೇ ಮುಖ್ಯ. ದುಡ್ಡು ಕೊಟ್ಟ ಪ್ರತಿಯನ್ನು ನೀವೊಬ್ಬರೇ ಓದುವುದಾದರೆ ವಾದಕ್ಕೆ ಜಾಗವಿದೆ. ಆದರೆ ಕಿಂಡಲ್ ಅಂಗಡಿಯ ಷರತ್ತು ಇದನ್ನು ಒಪ್ಪುವುದಿಲ್ಲ, ಖಾತೆ ಹೋಗುವ ಅಪಾಯ ನಿಮ್ಮದೇ. ಅದೇ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದಿರೋ, ವಾದ ಅಲ್ಲಿಗೆ ಮುಗಿಯಿತು.

ಟೆಲಿಗ್ರಾಂ ಪ್ರತಿ ದಯವಿಟ್ಟು ಬೇಡ. ಸಾವಿರ ಪ್ರತಿ ಖರ್ಚಾಗುವುದೇ ಕಷ್ಟವಿರುವ ಕನ್ನಡದಲ್ಲಿ ಅದು ನೇರವಾಗಿ ಲೇಖಕರ ಗೌರವಧನಕ್ಕೆ ಬೀಳುವ ಪೆಟ್ಟು. ಫೈಲಿನ ಹೆಸರಿನ ತುದಿಯನ್ನೂ ನೋಡಿ: 'ಪಿಡಿಎಫ್' ಆದಮೇಲೆ 'ಎಪಿಕೆ' ಅಂತಿದ್ದರೆ ಅದು ಪುಸ್ತಕವಲ್ಲ, ಆ್ಯಪ್. ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕ್ ಒಟಿಪಿ ಅದರ ಕೈಗೆ ಸಿಗುತ್ತದೆ.

ಇನ್ನು ಮುಂದೆ ಗೂಗಲ್ ಪ್ಲೇ ಬುಕ್ಸ್ ನೋಡಿ. ಪ್ರಕಾಶಕರು ಲಾಕ್ ಹಾಕದಿದ್ದರೆ ಬೇರೆ ರೀಡರ್‌ಗಳಲ್ಲೂ ತೆರೆಯುವ ಇ-ಪಬ್ ಫೈಲೇ ಇಳಿಯುತ್ತದೆ. ಎಸಿಎಸ್‌ಎಂ ಫೈಲ್ ಬಂದರೆ ಲಾಕ್ ಇದೆ ಎಂದರ್ಥ. ಹಳೆಯ ಕೃತಿಯಾದರೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಿ, ಅಲ್ಲಿವರೆಗೆ ಕೃತಿಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಹಾಗಾಗಿ ಅವರ ಪುಸ್ತಕಗಳ ಹಕ್ಕು 2035ರ ಕೊನೆವರೆಗೂ ಇರುತ್ತದೆ.