ಬಿಚ್ಚದ ಕಿಟ್‌ಗಳೂ ಕಾಣೆಯಾದ ಮೇಜೂ

ಮಾನ್ಯ ಓದುಗರೇ,

ಬಿಡಿ ಭಾಗಗಳನ್ನು ಜೋಡಿಸಿ ವಿಮಾನ, ಹಡಗುಗಳ ಮಾದರಿ ಕಟ್ಟುವ, ಇನ್ನೂ ಬಿಚ್ಚದ ಮಾಡೆಲ್ ಕಿಟ್‌ಗಳ ಪೆಟ್ಟಿಗೆಗಳು ಗೋಡೆಗುಂಟ ಸೂರಿನವರೆಗೆ ಏರಿವೆಯೆಂದೂ, ಅಲ್ಲಿ ಜಾಗ ಸಾಲದೆ ಕೆಲಸದ ಮೇಜಿನ ಮೇಲೂ ಬಂದು ಕುಳಿತಿವೆಯೆಂದೂ, ಕಳೆದೊಂದು ವರ್ಷದಲ್ಲಿ ಒಂದು ಮಾದರಿಯೂ ಪೂರ್ಣಗೊಂಡಿಲ್ಲವೆಂದೂ ಬರೆದಿದ್ದೀರಿ. ಕೊಳ್ಳುವುದನ್ನು ನಿಲ್ಲಿಸಬೇಕೇ, ದೊಡ್ಡ ಮೇಜು ತರಬೇಕೇ, ಇಟ್ಟ ಕಿಟ್‌ಗಳಿಗೆ ಮುಂದೆ ಒಳ್ಳೆಯ ಬೆಲೆ ಬಂದೀತೇ ಎಂದು ಕೇಳಿದ್ದೀರಿ. ಓದದ ಪುಸ್ತಕಗಳನ್ನು ಕೂಡಿಡುವವರನ್ನು ಯಾರೂ ಆಕ್ಷೇಪಿಸುವುದಿಲ್ಲವಲ್ಲ ಎಂಬ ಸಮಜಾಯಿಷಿಯನ್ನೂ ಕೊಟ್ಟಿದ್ದೀರಿ.

ಆ ಸಮಜಾಯಿಷಿಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಪುಸ್ತಕವನ್ನು ಕುಳಿತಲ್ಲಿ ತೆರೆದು, ಬೇಕೆನಿಸಿದಾಗ ಮುಚ್ಚಿ ಏಳಬಹುದು. ಕಿಟ್‌ನಲ್ಲಿಯಾದರೋ ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ ತೆಗೆದ ಭಾಗಗಳು, ಅಂಟು ಆರುತ್ತಿರುವ ರೆಕ್ಕೆ, ಬಣ್ಣ ಹಚ್ಚಿಟ್ಟ ಚಕ್ರಗಳು ಮರುದಿನದವರೆಗೆ ಇದ್ದಲ್ಲಿಯೇ ಇರಬೇಕಾಗುತ್ತದೆ. ಪ್ರತಿ ಸಲವೂ ಮೇಜಿನಿಂದ ಪೆಟ್ಟಿಗೆಗಳನ್ನು ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಏರಿಸಬೇಕಾದರೆ ಯಾರೂ ಕೆಲಸಕ್ಕೆ ಕೂರುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಎಷ್ಟು ಕಿಟ್‌ಗಳಿವೆ ಎಂಬುದು ನನಗೆ ಚಿಂತೆಯ ವಿಷಯವಲ್ಲ; ಅವು ಮೇಜನ್ನು ನುಂಗಿರುವುದೇ ಚಿಂತೆಯ ವಿಷಯ.

ಮೇಜು ದೊಡ್ಡದಾಗಬೇಕಿಲ್ಲ. 1/72 ಅಳತೆಯ (ನಿಜಗಾತ್ರದ 72ನೇ ಒಂದು ಪಾಲಿನ) ಯುದ್ಧವಿಮಾನ ಸ್ಪಿಟ್‌ಫೈರ್ ಸುಮಾರು 13 ಸೆಂಟಿಮೀಟರ್ ಉದ್ದವಿರುತ್ತದೆ. ಅದನ್ನು ಕಟ್ಟಲು ಒಂದು ಕತ್ತರಿಸುವ ಮ್ಯಾಟ್‌ನಷ್ಟು ಜಾಗ, ಅದರ ಸುತ್ತ ಅಂಟು, ಚಿಮುಟ, ಉಪ್ಪುಕಾಗದಗಳನ್ನು ಇಡುವಷ್ಟು ಅಂಚು ಇದ್ದರೆ ಸಾಕು. 263 ಮೀಟರ್ ಉದ್ದದ ಜಪಾನಿನ ಯಮಾಟೊ ಯುದ್ಧನೌಕೆಯನ್ನು 1/350 ಅಳತೆಯಲ್ಲಿ ಕಟ್ಟುವವರಿಗೆ ಮಾತ್ರ ಮುಕ್ಕಾಲು ಮೀಟರ್ ಉದ್ದದ ಹಡಗಿಗೆ ಎಡೆ ಬೇಕಾಗುತ್ತದೆ, ಕಟ್ಟುವಾಗಲೂ ಕಟ್ಟಿದ ಮೇಲೂ. ಮೇಜಿಗೆಂದು ಇಟ್ಟ ಹಣವನ್ನು ಬಣ್ಣಗಳು ನಿಜವಾಗಿ ಇರುವಂತೆ ತೋರಿಸುವ ಒಳ್ಳೆಯ ಬಿಳಿ ದೀಪಕ್ಕೂ, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಳಸುವವರಾದರೆ ಆವಿಯನ್ನು ಹೊರಕ್ಕೆ ತಳ್ಳುವ ಫ್ಯಾನಿಗೂ ಬಳಸಿರಿ. ಬಣ್ಣ ತೆಳುವಾಗಿಸುವ ಲ್ಯಾಕರ್ ಥಿನ್ನರಿನ ಆವಿ ಮುಚ್ಚಿದ ಕೋಣೆಯಲ್ಲಿ ಉಸಿರಾಡುವಂಥದ್ದಲ್ಲ.

ಕೂಡಿಡುವುದಕ್ಕೆ ಸಕಾರಣವೂ ಇದೆಯೆಂಬುದನ್ನು ನಿಮ್ಮ ಪರವಾಗಿ ಹೇಳಬೇಕು. ಬಹಳಷ್ಟು ಕಿಟ್‌ಗಳು ಎಡೆಬಿಡದೆ ತಯಾರಾಗುವುದಿಲ್ಲ. ಒಂದು ಅಚ್ಚಿನಿಂದ ಒಂದಿಷ್ಟು ಪ್ರತಿಗಳನ್ನು ತೆಗೆದು, ಅದೇ ಯಂತ್ರಕ್ಕೆ ಬೇರೆ ಅಚ್ಚನ್ನು ಕೂರಿಸುತ್ತಾರೆ. ಸಿಕ್ಕಾಗ ಕೊಳ್ಳದಿದ್ದರೆ ವರ್ಷಗಟ್ಟಲೆ ಕಾಯಬೇಕಾದೀತು. ಆದರೆ ಬೆಲೆ ಏರುತ್ತದೆಂಬ ಭರವಸೆಯನ್ನು ಬಿಟ್ಟುಬಿಡಿ. ಉಕ್ಕಿನ ಅಚ್ಚುಗಳು ದಶಕಗಳ ಕಾಲ ಬಾಳುವುದರಿಂದ ಸಿಗದಾಗಿದ್ದ ಕಿಟ್ ಮತ್ತೆ ಅಂಗಡಿಗೆ ಬರಬಹುದು, ಇಲ್ಲವೇ ಹೊಸ ಅಚ್ಚು ಬಂದು ಹಳೆಯದನ್ನು ಕಟ್ಟುವವರೇ ಕಡಿಮೆಯಾಗಬಹುದು. ಬ್ರಿಟನ್ನಿನ ಕಿಟ್ ಕಂಪನಿ ಏರ್‌ಫಿಕ್ಸ್ 1950ರ ದಶಕದಲ್ಲಿ ಹೊರತಂದ ಸ್ಪಿಟ್‌ಫೈರ್ ವಿಮಾನವನ್ನು ಆಮೇಲೆ ಹಲವು ಬಾರಿ ಹೊಸ ಅಚ್ಚುಗಳಲ್ಲಿ ಮಾಡಿದೆ.

ಅದಲ್ಲದೆ, ಪೆಟ್ಟಿಗೆಯೊಳಗೂ ಕಾಲ ನಿಲ್ಲುವುದಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಭಾಗಗಳು ಬಿಸಿಲು, ಶಾಖ ತಾಗದಿದ್ದರೆ ಬಹುಕಾಲ ಚೆನ್ನಾಗಿರುತ್ತವೆ, ಆದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಗುರುತುಗಳಾದ ಡೆಕಾಲ್‌ಗಳು ಹಳದಿಗಟ್ಟಿ, ನೀರಿಗೆ ಹಾಕಿದೊಡನೆ ಚೂರುಚೂರಾಗುವಷ್ಟು ಪೆಡಸಾಗುತ್ತವೆ. ವಿನೈಲ್ ಟೈರುಗಳೂ ಯುದ್ಧಟ್ಯಾಂಕಿನ ಚಕ್ರಗಳನ್ನು ಸುತ್ತುವ ಪಟ್ಟಿಗಳೂ ಇನ್ನೂ ಅಪಾಯಕಾರಿ: ಅವನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಹೊರಗೆ ಜಿನುಗಿ, ತಾಗಿಕೊಂಡಿರುವ ಪ್ಲಾಸ್ಟಿಕ್ಕನ್ನು ಕರಗಿಸುವುದುಂಟು. ಇಂದೇ ಅವನ್ನು ಬೇರೆ ಚೀಲಕ್ಕೆ ಹಾಕಿ. ಎತ್ತರದ ರಾಶಿಯಲ್ಲಿ ಕೆಳಗಿನ ಪೆಟ್ಟಿಗೆ ಕುಸಿದು, ವಿಮಾನದ ಪಾರದರ್ಶಕ ಮೇಲ್ಮುಚ್ಚಳವೇ ಮೊದಲು ಬಿರುಕು ಬಿಡುವ ಸಂಭವವೂ ಇದೆ. ಪೆಟ್ಟಿಗೆಗಳನ್ನು ಪುಸ್ತಕಗಳಂತೆ ನಿಲ್ಲಿಸಿಡುವುದು ಮೇಲು.

ಕೊಳ್ಳುವುದನ್ನು ಪೂರ್ತಿ ನಿಲ್ಲಿಸುವ ಪ್ರತಿಜ್ಞೆಯನ್ನು ನಾನು ನಂಬುವುದಿಲ್ಲ; ಅಪರೂಪದ ಕಿಟ್ ಒಂದು ಕಣ್ಣಿಗೆ ಬಿದ್ದ ದಿನ ಅದು ಮುರಿಯುತ್ತದೆ. ಒಂದು ಮುಗಿಸಿದರೆ ಒಂದು ಕೊಳ್ಳಬೇಕೆಂಬ ನಿಯಮವೂ ಹಲವರಲ್ಲಿದೆ, ಆದರೆ ಅದು ಕೊಳ್ಳುವ ಆತುರವನ್ನು ಕಟ್ಟುವ ಕೆಲಸಕ್ಕೆ ತರುತ್ತದೆ. ಅದಕ್ಕಿಂತ, ಮನೆಯವರೊಡನೆ ಕುಳಿತು ಇಂತಿಷ್ಟು ಕಪಾಟು ಎಂದು ಗೊತ್ತುಮಾಡಿಕೊಳ್ಳಿ (ಜಾಗ ಅವರದೂ ಹೌದು), ಮೇಜನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಕಪಾಟಿನಲ್ಲಿ ಹಿಡಿಸದ್ದನ್ನು, ನೀವು ಕಟ್ಟುವುದೂ ಇಲ್ಲ, ನೋಡಿ ಸಂತೋಷಪಡುವುದೂ ಇಲ್ಲ ಎಂಬಂಥವನ್ನು ಮೊದಲು ಆರಿಸಿ, ಕಟ್ಟುವವರಿಗೆ ಮಾರಿ ಅಥವಾ ಕೊಟ್ಟುಬಿಡಿ.

ವರ್ಷವಿಡೀ ಏನೂ ಮುಗಿಯದಿರಲು ಜಾಗದ ಕೊರತೆಯೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಬಹು ಆಸೆಪಟ್ಟು ತಂದ ಕಿಟ್ಟನ್ನು ಕೈ ಪಳಗಿದ ಮೇಲೆ ಕಟ್ಟೋಣವೆಂದು ಎತ್ತಿಡುತ್ತೇವೆ. ಕಟ್ಟದೆ ಕೈ ಪಳಗುವುದಿಲ್ಲ. ಈ ನಡುವೆ ಅದಕ್ಕಿಂತ ಚೆಲುವಾದ ಇನ್ನೊಂದು ಬಂದು ಅದರ ಮೇಲೆ ಕೂರುತ್ತದೆ. ಹಾಗಾಗಿ ನೀವು ಅತಿಯಾಗಿ ಮೆಚ್ಚಿದ್ದನ್ನು ಈಗ ಮುಟ್ಟಬೇಡಿ. ಕಡಿಮೆ ಭಾಗಗಳಿರುವ, ಡೆಕಾಲ್ ಈಗಾಗಲೇ ಹಳದಿಗಟ್ಟಿರುವ ಒಂದು ಸಣ್ಣ ವಿಮಾನವನ್ನು ತೆರೆಯಿರಿ. ಡೆಕಾಲ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿದರೆ ಕೆಲವು ವಾರಗಳಲ್ಲಿ ಹಳದಿ ಬಹುಮಟ್ಟಿಗೆ ಇಳಿಯುತ್ತದೆ, ಅಷ್ಟರಲ್ಲಿ ನಿಮ್ಮ ಜೋಡಣೆಯೂ ಮುಗಿದಿರುತ್ತದೆ. ಬಳಸುವ ಮುನ್ನ ಬೇಡವಾದ ಒಂದು ಗುರುತನ್ನು ನೀರಿಗೆ ಹಾಕಿ ನೋಡಿ. ಅದು ಒಡೆದರೆ, ಉಳಿದ ಹಾಳೆಗೆ ಪಾರದರ್ಶಕ ವಾರ್ನಿಷ್ ಸಿಂಪಡಿಸಿ, ಒಣಗಿದ ನಂತರ ಒಂದೊಂದೇ ಗುರುತನ್ನು ಅಂಚು ಕತ್ತರಿಸಿ ಬಳಸಿರಿ.

ಸಂಪಾದಕ