ಮಸಿ ಮೊದಲು ಕೂರಲಿ, ಎಣ್ಣೆ ಕಾಯಲಿ

ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಪುಡಿ, ಎಣ್ಣೆ ಬೆರೆಸುವ ಕೆಲಸದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ, ಮಿಕ್ಸಿಂಗ್ ವಿಭಾಗದಲ್ಲಿ 26 ವರ್ಷ ದುಡಿದ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ರಬ್ಬರ್ ಮ್ಯಾಟ್ ತಯಾರಿಸುವಲ್ಲಿ ಮಿಕ್ಸಿಂಗ್ ನೋಡಿಕೊಳ್ಳುತ್ತೇನೆ. ಬೇಗ ಮುಗಿಯಲೆಂದು ರಬ್ಬರ್, ಕಾರ್ಬನ್ ಬ್ಲ್ಯಾಕ್ (ಮಸಿ), ಎಣ್ಣೆ ಮೂರನ್ನೂ ಒಟ್ಟಿಗೇ ಬ್ಯಾನ್‌ಬರಿ ಎಂಬ ಮುಚ್ಚಿದ ಮಿಕ್ಸಿಂಗ್ ಯಂತ್ರಕ್ಕೆ ಸುರಿಯುತ್ತೇವೆ. ಹಾಳೆ ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಗಂಟುಗಳು. ಸಮಯ ಹೆಚ್ಚಿಸಿದರೂ ಹೋಗುತ್ತಿಲ್ಲ.

ಉತ್ತರ: ಸಮಯ ಹೆಚ್ಚಿಸಿದರೆ ಹೋಗುವುದೂ ಇಲ್ಲ. ಈ ಗಂಟುಗಳ ಜೊತೆ ನಾನೂ ಒಂದು ಮಳೆಗಾಲವಿಡೀ ಗುದ್ದಾಡಿದ್ದೇನೆ, ಆದ್ದರಿಂದ ನಿಮ್ಮ ಸಂಕಟ ನನಗೆ ಗೊತ್ತು.

ಚೀಲದಲ್ಲಿ ಬರುವ ಕಾರ್ಬನ್ ಬ್ಲ್ಯಾಕ್ ಕಾಳಿನಂತೆ ಕಾಣುತ್ತದೆ. ಎನ್330 ದರ್ಜೆಯಾದರೆ ಅದರ ಮೂಲ ಕಣದ ಅಳತೆ ಸುಮಾರು 30 ನ್ಯಾನೋಮೀಟರ್. ಅಂಥ ಕಣಗಳು ಬೆಸೆದು ಗೊಂಚಲಾಗಿ, ಗೊಂಚಲುಗಳು ಒತ್ತಿಕೊಂಡು ಹೆಂಟೆಯಾಗಿ, ಕೊನೆಗೆ ಕಾಳಾಗಿವೆ. ನಮ್ಮ ಕೆಲಸ ಆ ಹೆಂಟೆಗಳನ್ನು ಒಡೆದು ಗೊಂಚಲಿನ ಮಟ್ಟಕ್ಕೆ ತರುವುದು. ಅವುಗಳನ್ನು ಒಡೆಯುವುದು ಯಂತ್ರದೊಳಗೆ ತಿರುಗುವ ರೋಟರ್ ಅಲ್ಲ, ರೋಟರ್ ಮತ್ತು ಗೋಡೆಯ ನಡುವೆ ಸಿಕ್ಕಿ ಎಳೆದಾಡುವ ಗಟ್ಟಿ ರಬ್ಬರ್. ರಬ್ಬರ್ ಎಷ್ಟು ಬಿಗಿಯಾಗಿದ್ದರೆ ಎಳೆತ ಅಷ್ಟು ಜೋರು. ಎಣ್ಣೆ ಹಚ್ಚಿದ ಕೈಯಲ್ಲಿ ಒಣಮಣ್ಣಿನ ಹೆಂಟೆಯನ್ನು ಹಿಸುಕಲು ಹೋಗಿ ನೋಡಿ, ಅದು ಜಾರುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ನಿಮ್ಮ ಯಂತ್ರದೊಳಗೂ ಅದೇ ನಡೆಯುತ್ತಿದೆ. ಎಣ್ಣೆಯಿಂದ ರಬ್ಬರ್ ಮೆತ್ತಗಾದ ಮೇಲೆ ಎಷ್ಟು ತಿರುಗಿಸಿದರೂ ಗಂಟುಗಳು ಜಾಗ ಬದಲಿಸುತ್ತವೆ, ಅಷ್ಟೇ.

ನನಗೆ ಇದನ್ನು ಕಲಿಸಿದವರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದಿದ್ದ ಒಬ್ಬ ಹಿರಿಯ ಆಪರೇಟರ್. ಅವರು ಗಡಿಯಾರ ನೋಡುತ್ತಿರಲಿಲ್ಲ, ಮೋಟರಿನ ಆಮ್ಮೀಟರ್ ನೋಡುತ್ತಿದ್ದರು. ಮಸಿ ಹಾಕಿ, ಮುದ್ದೆಯನ್ನು ಮೇಲಿನಿಂದ ಒತ್ತುವ ರ‍್ಯಾಮ್ ಇಳಿಸಿದಾಗ ಮುಳ್ಳು ಒಮ್ಮೆ ಏರಿ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏರುತ್ತದೆ. ಆ ಎರಡನೆಯ ಏರಿಕೆ ಬಂತೆಂದರೆ ಪುಡಿಯನ್ನೆಲ್ಲ ರಬ್ಬರ್ ಒಳಗೆ ಎಳೆದುಕೊಂಡು ಒಂದೇ ಮುದ್ದೆಯಾಗಿದೆ ಎಂದರ್ಥ. "ಮಸಿ ಕೂತಿತು, ಈಗ ಎಣ್ಣೆ ಬಿಡಿ" ಎನ್ನುತ್ತಿದ್ದರು. ಎಷ್ಟೋ ವರ್ಷಗಳ ನಂತರ ಯಂತ್ರಗಳಿಗೆ ಕಂಪ್ಯೂಟರ್ ಬಂದು ವಿದ್ಯುತ್ತಿನ ರೇಖೆ ಬಿಡಿಸತೊಡಗಿದಾಗ ಅದೇ ಎರಡು ಶಿಖರಗಳನ್ನು ಪರದೆಯ ಮೇಲೆ ಕಂಡು ನನ್ನ ಕಣ್ಣು ತುಂಬಿ ಬಂದಿತ್ತು.

ಆದ್ದರಿಂದ ಮೊದಲು ರಬ್ಬರ್ ಒಂದನ್ನೇ ಅರ್ಧದಿಂದ ಒಂದು ನಿಮಿಷ ನಾದಿಸಿ. ಬಳಿಕ ಕಾರ್ಬನ್ ಬ್ಲ್ಯಾಕ್ ಹಾಕಿ, ಹೆಚ್ಚಿದ್ದರೆ ಎರಡು ಕಂತಿನಲ್ಲಿ. ಎರಡನೆಯ ಏರಿಕೆಯ ನಂತರ ಎಣ್ಣೆ. ಎಣ್ಣೆ ಬಿದ್ದೊಡನೆ ಮುಳ್ಳು ಕುಸಿಯುತ್ತದೆ, ಗಾಬರಿ ಬೇಡ, ಜಾರಿಕೆ ಮುಗಿದು ಮತ್ತೆ ಹಿಡಿಯುತ್ತದೆ. ನೂರು ಭಾಗ ರಬ್ಬರಿಗೆ ಮೂವತ್ತು ಭಾಗ ಎಣ್ಣೆ ಬೇಕಾದರೆ ಒಂದೇ ಸಲ ಸುರಿಯಬೇಡಿ, ಒಂದಷ್ಟನ್ನು ಕೊನೆಯ ಕಂತಿನ ಮಸಿಯ ಜೊತೆ ಕೊಡಿ. ಯಂತ್ರದ ಕೋಣೆಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ರ‍್ಯಾಮ್ ಪೂರ್ತಿ ಇಳಿದು ಕೂರದಿದ್ದರೆ ಈ ಮಾತುಗಳೆಲ್ಲ ವ್ಯರ್ಥ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದಾಗ ಮುದ್ದೆಯನ್ನು ಯಂತ್ರದಿಂದ ಹೊರಗಿಳಿಸಿ. ರಬ್ಬರನ್ನು ಬೇಯಿಸಿ ಗಟ್ಟಿಗೊಳಿಸುವ ಗಂಧಕ, ಅದನ್ನು ಚುರುಕುಗೊಳಿಸುವ ಆಕ್ಸಿಲರೇಟರ್‌ಗಳನ್ನು ಈ ಸುತ್ತಿನಲ್ಲಿ ಸೇರಿಸಲೇಬೇಡಿ. ಅವುಗಳಿಗೆ ತಣಿದ ಮೇಲೆ ಎರಡನೆಯ ಸುತ್ತು, ಅದೂ 110 ಡಿಗ್ರಿ ಮೀರದಂತೆ. ಇಲ್ಲವಾದರೆ ಕಾಂಪೌಂಡ್ ಯಂತ್ರದಲ್ಲೇ ಬೇಯಲು ತೊಡಗುತ್ತದೆ.

ಇಪಿಡಿಎಂ ಎಂಬ ಕೃತಕ ರಬ್ಬರಿನಲ್ಲಿ ಪುಡಿಯೂ ಎಣ್ಣೆಯೂ ಬಹಳ ಇದ್ದರೆ ಮಾತ್ರ ಕ್ರಮ ತಲೆಕೆಳಗಾಗುತ್ತದೆ: ಪುಡಿ ಮತ್ತು ಎಣ್ಣೆ ಮೊದಲು, ರಬ್ಬರ್ ಕೊನೆಗೆ. ಅಷ್ಟೊಂದು ಪುಡಿಯೇ ಮುದ್ದೆಯನ್ನು ಬಿಗಿಯಾಗಿ ಇಡುವುದರಿಂದ ಅಲ್ಲಿ ಇದು ನಡೆಯುತ್ತದೆ. ನಿಮ್ಮಲ್ಲಿ ಯಾರಾದರೂ ಇದನ್ನು ನೋಡಿ ಬಂದು ಎಲ್ಲ ರಬ್ಬರಿಗೂ ಅನ್ವಯಿಸಿದರೋ ಎಂಬ ಅನುಮಾನ ನನಗಿದೆ.

ಪ್ರಶ್ನೆ: ಫಿಲ್ಲರ್ (ರಬ್ಬರ್, ಪ್ಲಾಸ್ಟಿಕ್ಕಿಗೆ ಬೆರೆಸುವ ಪುಡಿ) ಎಂದರೆ ನೇರವಾಗಿ ಕಲಬೆರಕೆ ಎಂದೇ ಅಲ್ಲವೇ?

ಉತ್ತರ: ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಮೊದಲ ಕಾಲದ ಟೈರುಗಳು ಬೆಳ್ಳಗಿದ್ದವು, ಅವುಗಳಲ್ಲಿದ್ದದ್ದು ಜಿಂಕ್ ಆಕ್ಸೈಡ್. ಕಾರ್ಬನ್ ಬ್ಲ್ಯಾಕ್ ರಬ್ಬರಿಗೆ ಬಲ ಕೊಡುತ್ತದೆ ಎಂಬುದು 1904ರ ಹೊತ್ತಿಗೆ ಇಂಗ್ಲೆಂಡಿನ ಸಿಲ್ವರ್‌ಟೌನ್‌ನಲ್ಲಿ ಗೊತ್ತಾಯಿತು. ಮಸಿ ಸೇರಿದ ಟೈರ್ ಹಲವು ಪಟ್ಟು ಹೆಚ್ಚು ಬಾಳಿಕೆ ಬಂತು. ಪಾಲಿಪ್ರೊಪಿಲೀನ್‌ಗೆ ಟಾಲ್ಕ್ ಎಂಬ ಖನಿಜದ ಪುಡಿ ಬೆರೆಸಿದರೆ ಆ ಪ್ಲಾಸ್ಟಿಕ್ ಬಿರುಸಾಗುತ್ತದೆ, ಬಿಸಿಗೆ ಬಾಗುವುದು ತಗ್ಗುತ್ತದೆ.

ಆದರೆ ಪ್ರಮಾಣ ಮೀರಿ ಸುಣ್ಣಕಲ್ಲಿನ ಪುಡಿ ತುಂಬುವುದನ್ನು ನಾನೂ ಕಲಬೆರಕೆ ಎಂದೇ ಕರೆಯುತ್ತೇನೆ. ಅದರಿಂದ ನಿಜವಾದ ಉಳಿತಾಯವೂ ಅಂದುಕೊಂಡಷ್ಟಿಲ್ಲ. ನೀರಿನ ಸಾಂದ್ರತೆ 1 ಎಂದರೆ ಪುಡಿಯದು 2.7, ಪಾಲಿಪ್ರೊಪಿಲೀನ್‌ನದು 0.9. ಅಂದರೆ ಕೊಳ್ಳುವಾಗ ಕಿಲೋ ಲೆಕ್ಕದಲ್ಲಿ ಅಗ್ಗವೆನಿಸಿದ ಪುಡಿ ಅಚ್ಚಿನಲ್ಲಿ ತುಂಬುವ ಜಾಗ ಮೂರನೇ ಒಂದು ಭಾಗ ಮಾತ್ರ. ಮುರಿದ ಪಾಲಿಪ್ರೊಪಿಲೀನ್ ಚೂರೊಂದನ್ನು ನೀರಿಗೆ ಹಾಕಿ. ಶುದ್ಧವಾದದ್ದು ತೇಲುತ್ತದೆ. ಈ ಪುಡಿ ತೂಕದಲ್ಲಿ ಶೇ 15 ದಾಟಿದರೆ ಮುಳುಗತೊಡಗುತ್ತದೆ. ಮುಳುಗಿದ್ದೆಲ್ಲ ಕೆಟ್ಟದ್ದೆಂದಲ್ಲ, ಟಾಲ್ಕ್ ಬೆರೆಸಿದ ಒಳ್ಳೆಯ ಭಾಗಗಳೂ ಮುಳುಗುತ್ತವೆ.

ಪ್ರಶ್ನೆ: ಮೆತ್ತನೆಯ ಪಿವಿಸಿ ಹೊದಿಕೆ ಎರಡೇ ವರ್ಷದಲ್ಲಿ ಅಂಟಂಟಾಗಿದೆ. ತೊಳೆದರೂ ಮತ್ತೆ ಅದೇ ಕಥೆ.

ಉತ್ತರ: ಹೊರಗೆ ಬರುತ್ತಿರುವುದು ಪ್ಲಾಸ್ಟಿಸೈಜರ್, ಅಂದರೆ ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ದ್ರವ. ಅದು ಪಿವಿಸಿಯ ಜೊತೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲ, ಸರಪಳಿಗಳ ನಡುವೆ ಜಾಗ ಮಾಡಿಕೊಂಡು ಕುಳಿತಿರುತ್ತದೆ. ಹೊಂದದ ದ್ರವವನ್ನು ಆರಿಸಿದ್ದರೆ, ಅತಿಯಾಗಿ ಹಾಕಿದ್ದರೆ, ಬೆರೆಸುವಾಗ ಅವಸರ ಮಾಡಿದ್ದರೆ ಹೊರಗೆ ಜಿನುಗುತ್ತದೆ. ಹಾಟ್ ಮಿಕ್ಸರ್‌ನಲ್ಲಿ ಪಿವಿಸಿ ಪುಡಿ ಸುಮಾರು 80 ಡಿಗ್ರಿಗೆ ಬಂದಾಗ ದ್ರವ ಬಿಡಬೇಕು, ಅದನ್ನು ಪೂರ್ತಿ ಹೀರಿಕೊಂಡು ಪುಡಿ ಮತ್ತೆ ಒಣಗಿದಂತಾದ ಮೇಲಷ್ಟೇ ಸುಣ್ಣಕಲ್ಲಿನ ಪುಡಿ. ಮೊದಲೇ ಹಾಕಿದರೆ ಪಿವಿಸಿಗೆ ಸೇರಬೇಕಾದ ದ್ರವವನ್ನು ಅದೇ ಕುಡಿದುಬಿಡುತ್ತದೆ. ನಿಮ್ಮ ಹೊದಿಕೆಗೆ ಮನೆಯಲ್ಲಿ ಪರಿಹಾರವಿಲ್ಲ, ಬದಲಾಯಿಸಿ. ಮಕ್ಕಳ ಬಾಯಿಗೆ ಸಿಗದಂತೆ ಇಡಿ. ಡಿಇಎಚ್‌ಪಿಯಂಥ ಕೆಲವು ಪ್ಲಾಸ್ಟಿಸೈಜರ್ ದ್ರವಗಳನ್ನು, ಅಂದರೆ ಥಾಲೇಟ್‌ಗಳನ್ನು ಯುರೋಪಿನಲ್ಲಿ ಆಟಿಕೆಗಳಿಗೆ ಶೇ 0.1ಕ್ಕೆ ಮಿತಿಗೊಳಿಸಿರುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಮಗ ರಬ್ಬರ್ ಮಿಕ್ಸಿಂಗ್ ಮಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಎರಡು ರೋಲರ್‌ಗಳ ನಡುವೆ ಕೈ ಸಿಕ್ಕರೆ ಎಂದು ನನಗೆ ನಿದ್ದೆ ಬರುವುದಿಲ್ಲ.

ಉತ್ತರ: ತಾಯಿ, ನಿಮ್ಮ ಭಯ ಸರಿಯಾದದ್ದೇ. ನಾನು ಕೆಲಸ ಮಾಡಿದ ಒಂದು ಕಡೆ ಜೊತೆಗಾರನೊಬ್ಬ ಮೂರು ಬೆರಳು ಕಳೆದುಕೊಂಡ. ತುರ್ತಾಗಿ ನಿಲ್ಲಿಸುವ ಸರಳು ಅಲ್ಲಿತ್ತು, ಆದರೆ ತಿಂಗಳುಗಳಿಂದ ಅದು ಕೆಲಸ ಮಾಡುತ್ತದೆಯೇ ಎಂದು ಯಾರೂ ಒತ್ತಿ ನೋಡಿರಲಿಲ್ಲ. ಮಗನಿಗೆ ಇವತ್ತೇ ಹೇಳಿ: ಪ್ರತಿ ಪಾಳಿಯ ಆರಂಭದಲ್ಲಿ ಆ ಸರಳನ್ನು ತಾನೇ ಒತ್ತಿ ರೋಲರ್‌ಗಳು ತಕ್ಷಣ ನಿಲ್ಲುತ್ತವೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಯಾರು ಅವಸರಪಡಿಸಿದರೂ ಮಿಲ್ ಮುಟ್ಟಬಾರದು. ಉಂಗುರ, ಗಡಿಯಾರ, ಸಡಿಲ ತೋಳಿನ ಅಂಗಿ ಬೇಡ. ಚಾಕುವಿನಿಂದ ಹಾಳೆ ಕೊಯ್ಯುವುದು ರೋಲರಿನ ಕೆಳಗಿನ ಅರ್ಧದಲ್ಲಿ ಮಾತ್ರ. ಮೇಲೆ ಸಿಕ್ಕಿಕೊಂಡ ತುಂಡನ್ನು ಬೆರಳಿನಿಂದ ತಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆಗ ಮಿಲ್ ನಿಲ್ಲಿಸಲಿ. ಸಂಜೆ ಅವನು ಮನೆಗೆ ಬಂದಾಗ "ಸರಳು ಒತ್ತಿ ನೋಡಿದೆಯಾ?" ಎಂದು ದಿನವೂ ಕೇಳಿ.