ಒಂದೇ ಹೆಸರು, ಮೂರು ಬತ್ತ

ಪ್ರಶ್ನೆ: ನಮ್ಮ ಮನೆಗೆ ರಾಜಮುಡಿ ಬೀಜ ಮೂರು ಕಡೆಯಿಂದ ಬಂದಿದೆ. ಒಂದು ಅಜ್ಜಿ ಕಾಲದ್ದು, ಒಂದು ಮಾವನ ಮನೆಯದು, ಇನ್ನೊಂದು ಬೀಜ ಮೇಳದಲ್ಲಿ ಕೊಂಡಿದ್ದು. ಮೂರೂ ಒಂದೇ ತಳಿಯಾ? ಡಿಎನ್‌ಎ ಪರೀಕ್ಷೆ ಮಾಡಿಸಲೇಬೇಕಾ?
– ಮಳವಳ್ಳಿ ತಾಲೂಕಿನ ರೈತ

ಉತ್ತರ: ಮೊದಲು ಗದ್ದೆಯಲ್ಲೇ ನೋಡಿ, ದುಡ್ಡು ಆಮೇಲೆ ಖರ್ಚು ಮಾಡುವಿರಂತೆ. ಮೂರನ್ನೂ ಒಂದೇ ದಿನ ಒಟ್ಟಲು (ಸಸಿಮಡಿ) ಹಾಕಿ, ಒಂದೇ ಗದ್ದೆಯಲ್ಲಿ ಪಕ್ಕಪಕ್ಕ ನಾಟಿ ಮಾಡಿ. ನಮ್ಮ ಹಳೇ ತಳಿಗಳಲ್ಲಿ ಬಹಳಷ್ಟು, ಹಗಲು ಕಿರಿದಾಗುವುದನ್ನು ಕಾದು ತೆನೆ ಹಾಕುತ್ತವೆ. ತಡವಾಗಿ ಬಿತ್ತಿದ್ದು ಕಡಿಮೆ ದಿನದ ತಳಿ ಅನ್ನಿಸಿಬಿಡುತ್ತದೆ. ಇನ್ನು, ಗುಣಿಗೆ ಒಂದೇ ಪೈರು. ಆಳುಗಳು ಗೊಣಗುತ್ತಾರೆ, ಗೊಣಗಲಿ. ಮೂರ್ನಾಲ್ಕು ಸೇರಿಸಿ ಊರಿದರೆ ಯಾವ ತೆಂಡೆ (ಬುಡದಿಂದ ಒಡೆಯುವ ಮರಿ) ಯಾವ ಗಿಡದ್ದು ಅಂತ ತಿಳಿಯುವುದಿಲ್ಲ.

ತೆಂಡೆ ಒಡೆದಾಗ ಬಗ್ಗಿ ಕೂತು ಒಂದು ಗರಿಯನ್ನು ಮೆಲ್ಲಗೆ ಹಿಂದಕ್ಕೆ ಮಡಚಿ. ಗರಿ ಕಾಂಡಕ್ಕೆ ಸೇರುವಲ್ಲಿ ತೆಳ್ಳನೆ ಪೊರೆಯಂಥ ನಾಲಿಗೆ ಇದೆ, ತುದಿ ಎರಡಾಗಿ ಸೀಳಿದೆ. ಅಕ್ಕಪಕ್ಕ ಕೂದಲಿರುವ ಪುಟ್ಟ ಕಿವಿಗಳು. (ಬತ್ತದ ಹಾಗೇ ಕಾಣುವ ಗದ್ದೆಯ ಕಳೆಹುಲ್ಲಿಗೆ ಇವೆರಡೂ ಇಲ್ಲ. ಕಳೆ ಕೀಳುವವರಿಗೂ ಇದನ್ನು ತೋರಿಸಿ.) ಕಿವಿ, ನಾಲಿಗೆ, ಬುಡ ಹಸಿರೋ ನೇರಳೆಯೋ ಬರೆದಿಡಿ. ಕಾಳಿನ ತುದಿಗೆ ಸುಂಗು (ಕೂದಲಿನಂಥ ಮುಳ್ಳು) ಇದೆಯಾ, ಅಕ್ಕಿ ಕೆಂಪೋ ಬಿಳಿಯೋ, ಅದನ್ನೂ. ಇಂಥ ಗುಣಗಳು ಗೊಬ್ಬರ, ನೀರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಎತ್ತರ, ತೆಂಡೆ ಎಣಿಕೆ, ತೆನೆ ಉದ್ದ ಬದಲಾಗುತ್ತವೆ.

ನಾನೇ ಏಮಾರಿದ್ದೇನೆ. ಒಂದು ವರ್ಷ ರತ್ನಚೂಡಿ ಬತ್ತದ ಎರಡು ತಾಕು ನೋಡಿದೆ. ಗೇಣುದ್ದ ವ್ಯತ್ಯಾಸ. ಎರಡು ತಳಿ ಅಂತ ಠೀವಿಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊಯ್ಲಿನ ದಿನ ಗದ್ದೆಯವರು ನಕ್ಕರು. ಬೀಜ ಒಂದೇ ಚೀಲದ್ದು, ಎತ್ತರದ್ದು ನಿಂತಿದ್ದು ಹಳೇ ತಿಪ್ಪೆ ಜಾಗದಲ್ಲಿ! ಅದಕ್ಕೇ ಅಳತೆಗೆ ಬದುವಿನ ಸಾಲು ಬಿಟ್ಟು ನಡುವಿನ ಹತ್ತು ಗಿಡ ತೆಗೆದುಕೊಳ್ಳಿ. ಸಾವಿರ ಕಾಳು ಎಣಿಸಿ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿ. 15 ಗ್ರಾಂ ಆಸುಪಾಸಿನ ಸಣ್ಣ ಬತ್ತವೂ ಉಂಟು, 30ರ ಹತ್ತಿರದ ದಪ್ಪ ಬತ್ತವೂ ಉಂಟು.

2001ರ ಸಸ್ಯ ತಳಿ ರಕ್ಷಣೆ ಕಾಯ್ದೆಯಡಿ ಬತ್ತದ ತಳಿ ನೋಂದಾಯಿಸುವಾಗ 62 ಗುಣ ನೋಡುತ್ತಾರೆ. ನಿಮ್ಮ ಪ್ರಶ್ನೆಗೆ ಹತ್ತು ಹನ್ನೆರಡು ಸಾಕು. ಕಣ್ಣು ಪಳಗಬೇಕೆಂದರೆ ನಿಮಗೆ ಕಿರುಗಾವಲು ದೂರವಿಲ್ಲವಲ್ಲ, ತೆನೆ ಬಂದ ಕಾಲಕ್ಕೆ ಸೈಯದ್ ಘನಿ ಖಾನ್ ಅವರ ಗದ್ದೆ ನೋಡಿ ಬನ್ನಿ. ನೂರಾರು ತಳಿ ಪಕ್ಕಪಕ್ಕದಲ್ಲಿ ಬೆಳೆಸುತ್ತಾರೆ.

ಬಣ್ಣ, ಕಾಳು, ತೆನೆ ಬರುವ ದಿನ ಬೇರೆ ಬೇರೆ ಬಂದರೆ ತಳಿಯೂ ಬೇರೆಯೇ. ಎಲ್ಲವೂ ಒಂದೇ ಬಂದರೂ ಒಳಗೆ ವ್ಯತ್ಯಾಸ ಇರಬಹುದು. ಡಿಎನ್‌ಎ ಬೇಕಾಗುವುದು ಆಗ.

ಅಜ್ಜಿಯ ಚೀಲದಲ್ಲೇ ಮೂರು ನಾಲ್ಕು ಥರ ಗಿಡ ಎದ್ದರೆ? ಗಾಬರಿ ಬೇಡ. ಬತ್ತ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುವ ಬೆಳೆ. ಹಾಗಾಗಿ ಒಂದೇ ಗದ್ದೆಯಲ್ಲಿ ಬೇರೆ ಬೇರೆ ವಂಶಗಳು ವರ್ಷಗಟ್ಟಲೆ ಜೊತೆಗೇ ಬಾಳುತ್ತವೆ. ಬೆರಕೆ ಅಂತ ಕಿತ್ತೆಸೆಯುವ ಮುಂಚೆ ಒಂದೊಂದು ಥರದ ತೆನೆಯನ್ನೂ ಬೇರೆ ಕಟ್ಟಿ, ಚೀಟಿ ಹಾಕಿ ಇಡಿ. ಮುಂದಿನ ಮುಂಗಾರಿಗೆ ಒಂದೊಂದು ತೆನೆಗೂ ಒಂದೊಂದು ಸಾಲು ನೆಟ್ಟು, ಏನು ಕಂಡಿರಿ ಅಂತ ಬರೆಯಿರಿ.